ಒಂದೇ ಕನೆಕ್ಷನ್, ಮನೆ ತುಂಬ ಕಂಪ್ಯೂಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ವರ್ಕ್ ಫ್ರಮ್ ಹೋಮ್ ಶುರುವಾದ ಮೇಲೆ ಮಲೆನಾಡು, ಕರಾವಳಿಯ ಊರುಮನೆಗಳಲ್ಲೂ ಕಂಪ್ಯೂಟರ್ ಹೆಚ್ಚಿವೆ. ಬೆಂಗಳೂರಿಂದ ಬಂದ ಮಗ-ಸೊಸೆಯ ಎರಡು ಲ್ಯಾಪ್‌ಟಾಪ್, ಮಕ್ಕಳ ಓದಿಗೆ ಒಂದು, ಅಡಿಕೆ ಲೆಕ್ಕ ಬರೆದಿಡುವ ಹಳೇ ಡೆಸ್ಕ್‌ಟಾಪ್, ಮೇಲೆ ಟಿವಿ, ಸಿಸಿಟಿವಿ, ಮೊಬೈಲ್‌ಗಳು. ಬರುವ ಫೈಬರ್ ಎಳೆ ಮಾತ್ರ ಒಂದೇ. ಇಂಥ ಮನೆಗಳಿಗೆ ನೆಟ್‌ವರ್ಕ್ ಹಾಕಿಕೊಡುವಾಗ ಜನ ನನ್ನನ್ನು ಕೇಳುವ ಪ್ರಶ್ನೆಗಳಿವು. ‘ನೆಟ್ ಸ್ಲೋ’ ಎಂಬ ದೂರಿನ ದೊಡ್ಡ ಪಾಲು ಗೇಟಿನ ಒಳಗೇ ಹುಟ್ಟಿದ್ದು, ಅದನ್ನು ಸರಿಪಡಿಸಲು ಕಂಪನಿಯವರಿಗೆ ಕಾಯಬೇಕಿಲ್ಲ.

ನಾಲ್ಕು ಕಂಪ್ಯೂಟರಿಗೆ ನಾಲ್ಕು ಕನೆಕ್ಷನ್ ಬೇಕಾ?

ಬೇಡ. ಒಂದು ಕನೆಕ್ಷನ್, ಒಂದು ರೌಟರ್ ಸಾಕು. ಒಂದೇ ಮನೆಯೊಳಗೆ ಎಷ್ಟು ಸಾಧನ ಜೋಡಿಸಿಕೊಂಡರೂ ಕಂಪನಿಯವರ ತಕರಾರಿಲ್ಲ. ಅವರು ಅಳೆಯುವುದು ವೇಗವನ್ನು ಮತ್ತು ತಿಂಗಳ ಡೇಟಾವನ್ನು. ‘ಅನ್‌ಲಿಮಿಟೆಡ್’ ಎಂದು ಬರೆದಿದ್ದರೂ ಹೆಚ್ಚಿನ ಫೈಬರ್ ಪ್ಲಾನ್‌ಗಳಿಗೆ ಒಂದು ಮಿತಿ ಇರುತ್ತದೆ. ಅನೇಕ ಪ್ಲಾನ್‌ಗಳಲ್ಲಿ ಅದು ತಿಂಗಳಿಗೆ 3300 ಜಿಬಿ. ಅದು ದಾಟಿದರೆ ವೇಗ ಇಳಿಸುತ್ತಾರೆ. ಸಾಮಾನ್ಯ ಮನೆಯವರು ಅಲ್ಲಿಯವರೆಗೆ ಮುಟ್ಟುವುದೇ ಇಲ್ಲ.

ಹೊರಗಿನ ವಿಳಾಸ ಒಂದೇ ಇರುವಾಗ ಯಾವ ಪುಟ ಯಾವ ಕಂಪ್ಯೂಟರಿಗೆ ಹೋಗಬೇಕು ಅಂತ ಹೇಗೆ ಗೊತ್ತಾಗುತ್ತೆ?

ಹಳೇ ಮೈಸೂರಿನ ವಠಾರ ನೆನಪಿಸಿಕೊಳ್ಳಿ. ಬೀದಿಗೆ ಒಂದೇ ಬಾಗಿಲು, ಒಂದೇ ನಂಬರು, ಒಳಗೆ ಎಂಟು ಸಂಸಾರ. ಯಾರು ಯಾರಿಗೆ ಕಾಗದ ಹಾಕಿದ್ದಾರೆಂದು ಬಾಗಿಲಲ್ಲಿ ಕೂತ ಮಾಲೀಕರು ಬರೆದಿಟ್ಟುಕೊಂಡರೆ, ಉತ್ತರ ಬಂದಾಗ ಸರಿಯಾದ ಮನೆಗೇ ಕೊಡಬಹುದು. ರೌಟರ್ ಮಾಡುವುದೂ ಇದನ್ನೇ. ಒಳಗಿನ ಪ್ರತಿ ಸಾಧನಕ್ಕೂ ಖಾಸಗಿ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ಕೊಡುತ್ತದೆ, ಸಾಮಾನ್ಯವಾಗಿ 192.168 ಎಂದು ಶುರುವಾಗುವಂಥದ್ದು. ಹೊರಗೆ ಹೋಗುವ ಪ್ರತಿ ವಿನಂತಿಗೂ ಒಂದು ಪೋರ್ಟ್ ನಂಬರ್ ಹಚ್ಚಿ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ, ಉತ್ತರ ಬಂದಾಗ ಪಟ್ಟಿ ನೋಡಿ ಹಂಚುತ್ತದೆ. ಈ ವ್ಯವಸ್ಥೆಗೆ ನ್ಯಾಟ್ ಎನ್ನುತ್ತಾರೆ. ಹಳೇ ಮಾದರಿಯ ಐಪಿ ವಿಳಾಸಗಳು ಇಡೀ ಜಗತ್ತಿಗೆ ಸುಮಾರು 430 ಕೋಟಿ ಮಾತ್ರ. ನ್ಯಾಟ್ ಇಲ್ಲದಿದ್ದರೆ ಅವು ಇನ್ನೂ ಬಹಳ ಮೊದಲೇ ಸಾಲದೆ ಹೋಗುತ್ತಿದ್ದವು.

ಒಳವಿಳಾಸಗಳನ್ನು ತಾನಾಗಿ ಹಂಚುವ ಭಾಗದ ಹೆಸರು ಡಿಎಚ್‌ಸಿಪಿ. ಈ ಹೆಸರು ನೆನಪಿರಲಿ, ಹಳೇ ರೌಟರಿನ ಪ್ರಶ್ನೆಯಲ್ಲಿ ಬೇಕಾಗುತ್ತದೆ.

ಮೋಡೆಮ್, ರೌಟರ್, ಸ್ವಿಚ್: ಎಲ್ಲ ಒಂದೇನಾ?

ಅಲ್ಲ. ಫೈಬರಿನ ಬೆಳಕನ್ನು ವಿದ್ಯುತ್ ಸಂಕೇತಕ್ಕೆ ತಿರುಗಿಸುವುದು ಓಎನ್‌ಟಿ, ಜನರ ಬಾಯಲ್ಲಿ ‘ಮೋಡೆಮ್’. ವಿಳಾಸ ಹಂಚಿ ದಾರಿ ತೋರಿಸುವುದು ರೌಟರ್. ಬರೀ ತಂತಿಯ ತೂತುಗಳನ್ನು ಹೆಚ್ಚಿಸುವುದು ಸ್ವಿಚ್. ಈಗ ಕಂಪನಿ ಕೊಡುವ ಒಂದೇ ಡಬ್ಬಿಯಲ್ಲಿ ಓಎನ್‌ಟಿ, ರೌಟರ್, ನಾಲ್ಕು ತೂತಿನ ಸ್ವಿಚ್, ವೈಫೈ ಎಲ್ಲ ಸೇರಿರುತ್ತವೆ. ಐದನೇ ತಂತಿ ಬೇಕೆನಿಸಿದಾಗ ಐದೋ ಎಂಟೋ ಪೋರ್ಟಿನ (ತಂತಿ ಸಿಕ್ಕಿಸುವ ತೂತಿನ) ಗಿಗಾಬಿಟ್, ಅಂದರೆ 1000 ಎಂಬಿಪಿಎಸ್ ವೇಗದ, ಸ್ವಿಚ್ ತಂದು ಸಿಕ್ಕಿಸಿದರಾಯಿತು, ಯಾವ ಸೆಟ್ಟಿಂಗೂ ಬೇಡ.

100 ಎಂಬಿಪಿಎಸ್ ಪ್ಲಾನ್ ಹಾಕಿಸಿದ್ದೇನೆ, ಡೌನ್‌ಲೋಡ್ 12ರ ಮೇಲೆ ಏರುತ್ತಿಲ್ಲ. ಮೋಸ ಅಲ್ವಾ?

ಅಲ್ಲ. ಪ್ಲಾನ್ ಹೇಳುವುದು ಬಿಟ್‌ಗಳಲ್ಲಿ, ಡೌನ್‌ಲೋಡ್ ಕಿಟಕಿ ತೋರಿಸುವುದು ಬೈಟ್‌ಗಳಲ್ಲಿ. 100ನ್ನು 8ರಿಂದ ಭಾಗಿಸಿದರೆ 12.5. ನಿಮಗೆ ಬರಬೇಕಾದ್ದು ಪೂರ್ತಿ ಬರುತ್ತಿದೆ.

ಎಲ್ಲರೂ ಒಟ್ಟಿಗೆ ಬಳಸಿದರೆ ವೇಗ ಸಮಪಾಲು ಆಗುತ್ತಾ?

ಸಮಪಾಲು ಆಗುವುದಿಲ್ಲ, ಕೇಳಿದವರಿಗೆ ಕೇಳಿದಷ್ಟು ಹೋಗುತ್ತದೆ. ಸುಮ್ಮನೆ ತೆರೆದಿಟ್ಟ ಲ್ಯಾಪ್‌ಟಾಪ್ ಹೆಚ್ಚುಕಡಿಮೆ ಏನೂ ತಿನ್ನುವುದಿಲ್ಲ. ವಿಡಿಯೊ ಮೀಟಿಂಗಿಗೆ 2ರಿಂದ 4 ಎಂಬಿಪಿಎಸ್, ಎಚ್‌ಡಿ ಸಿನಿಮಾಕ್ಕೆ 5ರ ಆಸುಪಾಸು, 4ಕೆ ಆದರೆ 15ರಿಂದ 25. ಕೂಡಿಸಿ ನೋಡಿ: ಎರಡು ಮೀಟಿಂಗ್, ಒಂದು ಪಾಠ, ಟಿವಿಯಲ್ಲಿ ಒಂದು ಸಿನಿಮಾ ಸೇರಿದರೂ 50 ದಾಟುವುದು ಕಷ್ಟ. ಹಾಗಾಗಿ ‘ನಿಧಾನ’ ಎಂದ ಕೂಡಲೇ 300ರ ಪ್ಲಾನಿಗೆ ಜಿಗಿಯುವವರನ್ನು ನಾನು ತಡೆಯುತ್ತೇನೆ.

ಹಾಗಿದ್ದರೆ ಮಧ್ಯಾಹ್ನ ಎಲ್ಲ ಸರಿ ಇದ್ದು, ಸಂಜೆ ಮೀಟಿಂಗ್ ಯಾಕೆ ತೊದಲುತ್ತೆ?

ಮೊದಲು ಅನುಮಾನಿಸಬೇಕಾದ್ದು ಅಪ್‌ಲೋಡ್. ಮದುವೆ ಮನೆಗೆ ಹೋಗಿ ಬಂದ ನಾಲ್ಕು ಮೊಬೈಲ್‌ಗಳು ಮನೆಯ ವೈಫೈ ಸಿಕ್ಕ ಕೂಡಲೇ ಫೋಟೊ, ವಿಡಿಯೊಗಳನ್ನು ಕ್ಲೌಡ್‌ಗೆ ಏರಿಸತೊಡಗುತ್ತವೆ. ಯಾರೂ ಏನೂ ಒತ್ತಿಲ್ಲ, ಆದರೂ ಹೊರಹೋಗುವ ದಾರಿ ತುಂಬಿರುತ್ತದೆ. ಡೇಟಾ ಸಣ್ಣ ಸಣ್ಣ ಪೊಟ್ಟಣಗಳಾಗಿ ಹೋಗುತ್ತದೆ; ರೌಟರಿನಲ್ಲಿ ಆ ಪೊಟ್ಟಣಗಳ ಸರತಿ ಬೆಳೆಯುತ್ತದೆ, ನಿಮ್ಮ ಮಾತಿನ ಪೊಟ್ಟಣ ಅದರ ಬಾಲದಲ್ಲಿ ನಿಲ್ಲುತ್ತದೆ. ವೇಗದ ಪರೀಕ್ಷೆ ಮಾಡಿದರೆ ಅಂಕಿ ಚೆನ್ನಾಗಿಯೇ ಬರಬಹುದು, ಮಾತು ಮಾತ್ರ ತುಂಡಾಗುತ್ತಿರುತ್ತದೆ.

ಇದಕ್ಕೆ ಎರಡು ಮದ್ದು. ಮೊಬೈಲ್‌ಗಳ ಬ್ಯಾಕಪ್ ಅನ್ನು ರಾತ್ರಿ ಚಾರ್ಜಿಗಿಟ್ಟಾಗ ಮಾತ್ರ ನಡೆಯುವಂತೆ ಮಾಡಿ. ರೌಟರಿನಲ್ಲಿ ಕ್ಯೂಓಎಸ್ ಎಂಬ ಆಯ್ಕೆ ಇದ್ದರೆ ಅದನ್ನು ಚಾಲೂ ಮಾಡಿ, ಕೆಲಸದ ಲ್ಯಾಪ್‌ಟಾಪಿಗೆ ಆದ್ಯತೆ ಕೊಟ್ಟು, ಒಟ್ಟು ಅಪ್‌ಲೋಡ್ ಮಿತಿಯನ್ನು ನಿಜವಾದ ವೇಗಕ್ಕಿಂತ ಸ್ವಲ್ಪ ಕೆಳಗೆ, ಸುಮಾರು ನೂರಕ್ಕೆ ತೊಂಬತ್ತು ಭಾಗಕ್ಕೆ ಇಡಿ. ಆ ಹತ್ತು ಭಾಗ ಬಿಟ್ಟುಕೊಟ್ಟಿದ್ದಕ್ಕೆ ಮೀಟಿಂಗ್ ನೆಟ್ಟಗಾಗುತ್ತದೆ.

ವೈಫೈ ಇರುವಾಗ ತಂತಿ ಎಳೆಯುವ ರಗಳೆ ಯಾಕೆ?

ನನ್ನ ನಿಯಮ ಒಂದೇ: ಅಲ್ಲಾಡದ ಯಂತ್ರಕ್ಕೆ ತಂತಿ, ಓಡಾಡುವುದಕ್ಕೆ ವೈಫೈ. ವೈಫೈ ಎಂಬುದು ಎಲ್ಲರೂ ಸರದಿಯಲ್ಲಿ ಮಾತಾಡಬೇಕಾದ ಜಾಗ. ಒಂದು ಚಾನೆಲ್ಲಿನಲ್ಲಿ (ವೈಫೈ ಬಳಸುವ ರೇಡಿಯೊ ತರಂಗದ ಒಂದು ಓಣಿಯಲ್ಲಿ) ಒಂದು ಹೊತ್ತಿಗೆ ಸಾಮಾನ್ಯವಾಗಿ ಒಬ್ಬರೇ ಮಾತಾಡಬಹುದು. ದೂರದ ಕೋಣೆಯಲ್ಲಿ ಅರ್ಧ ಕಡ್ಡಿ ಸಿಗ್ನಲ್ ಹಿಡಿದು ಕೂತ ಟಿವಿ ಅದೇ ಸಿನಿಮಾವನ್ನು ತೆಗೆದುಕೊಳ್ಳಲು ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟು ಹೊತ್ತು ಉಳಿದವರೆಲ್ಲ ಕಾಯಬೇಕು. ಆ ಟಿವಿಗೊಂದು ತಂತಿ ಹಾಕಿದರೆ ಟಿವಿಗೆ ಮಾತ್ರವಲ್ಲ, ವೈಫೈನಲ್ಲಿ ಉಳಿದ ಮೊಬೈಲ್‌ಗಳಿಗೂ ಜೀವ ಬರುತ್ತದೆ. ಟಿವಿ, ಡೆಸ್ಕ್‌ಟಾಪ್, ಸಿಸಿಟಿವಿಯ ರೆಕಾರ್ಡರ್, ಮೇಜು ಬಿಟ್ಟು ಏಳದ ಆಫೀಸ್ ಲ್ಯಾಪ್‌ಟಾಪ್ ಇಷ್ಟಕ್ಕೆ ತಂತಿ ಎಳೆದರೆ, ಇನ್ನೂ ದುಬಾರಿ ವೈಫೈ ಡಬ್ಬಿ ಕೊಳ್ಳುವ ಪ್ರಮೇಯ ಎಷ್ಟೋ ಮನೆಗಳಲ್ಲಿ ಬರುವುದಿಲ್ಲ.

ಯಾವ ಕೇಬಲ್ ತರಲಿ? ನಾನೇ ಜೋಡಿಸಬಹುದಾ?

ಮನೆಗೆ ಕ್ಯಾಟ್ 5ಇ ಸಾಕು, 100 ಮೀಟರ್‌ವರೆಗೆ ಗಿಗಾಬಿಟ್ ವೇಗ ಕೊಡುತ್ತದೆ. ಹೊಸದಾಗಿ ಗೋಡೆಯೊಳಗೆ ಪೈಪ್ ಹಾಕಿಸುತ್ತಿದ್ದರೆ ಕ್ಯಾಟ್ 6 ಹಾಕಿ, ಮತ್ತೆ ಗೋಡೆ ಒಡೆಯುವುದು ಯಾರಿಗೂ ಬೇಡ. ಅಂಗಡಿಯಲ್ಲಿ ಮಾತ್ರ ಜಾಗ್ರತೆ. ಅಗ್ಗದ ಸುರುಳಿಗಳಲ್ಲಿ ಅಲ್ಯುಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟಿರುತ್ತಾರೆ. ಎಳೆಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಅಂಥ ತಂತಿ ಎರಡು ಸಲ ಬಗ್ಗಿದರೆ ಮುರಿಯುತ್ತದೆ.

ಜೋಡಿಸುವುದು ಕಷ್ಟವಲ್ಲ, ತಾಳ್ಮೆಯ ಕೆಲಸ. ಹೊರ ಸಿಪ್ಪೆಯನ್ನು ಒಂದಿಂಚು ಸುಲಿದರೆ ಎರಡೆರಡಾಗಿ ಹೆಣೆದ ಎಂಟು ಎಳೆ ಸಿಗುತ್ತವೆ. ತಂತಿಯ ತುದಿಗೆ ಹಾಕುವ ಪ್ಲಾಸ್ಟಿಕ್ ಕನೆಕ್ಟರನ್ನು ಅದರ ಕ್ಲಿಪ್ಪಿನ ನಾಲಿಗೆ ಕೆಳಗೆ ಬರುವಂತೆ ಹಿಡಿದು, ಎಡದಿಂದ ಬಲಕ್ಕೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿಯ ಮಧ್ಯೆ ನೀಲಿ ಜೋಡಿ ಕೂರುತ್ತದೆ, ತಪ್ಪು ಆಗುವುದೆಲ್ಲ ಅಲ್ಲಿಯೇ. ಎಂಟನ್ನೂ ನೆಟ್ಟಗೆ ಮಾಡಿ, ತುದಿಯನ್ನು ಒಂದೇ ಸಮ ಕತ್ತರಿಸಿ, ಕನೆಕ್ಟರಿನ ತಳ ಮುಟ್ಟುವವರೆಗೆ ತಳ್ಳಿ. ಎದುರಿನಿಂದ ನೋಡಿದರೆ ಎಂಟು ಚುಕ್ಕಿಗಳು ಹೊಳೆಯಬೇಕು. ಹೊರ ಸಿಪ್ಪೆಯೂ ಕನೆಕ್ಟರಿನ ಒಳಗೆ ಸ್ವಲ್ಪ ಹೋಗಿರಬೇಕು, ಆಮೇಲೆ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿ. ಇನ್ನೊಂದು ತುದಿಗೂ ಇದೇ ಕ್ರಮ.

200ರ ಪ್ಲಾನ್ ಹಾಕಿಸಿಯೂ ತಂತಿಯ ಕಂಪ್ಯೂಟರಿನಲ್ಲಿ 95ರ ಹತ್ತಿರವೇ ನಿಂತರೆ, ಎಂಟರಲ್ಲಿ ಯಾವುದೋ ಒಂದು ಎಳೆ ಹಿಡಿದಿಲ್ಲ ಎಂದೇ ತಿಳಿಯಿರಿ. ನಾಲ್ಕೇ ಎಳೆ ಸಿಕ್ಕರೂ ನೆಟ್ ನಡೆಯುತ್ತದೆ, ಆದರೆ 100ಕ್ಕೆ ಇಳಿದು. ಹಳೇ ರೌಟರುಗಳ ಪೋರ್ಟ್‌ಗಳೇ 100ರವು ಎಂಬುದು ಇನ್ನೊಂದು ಸಾಧ್ಯತೆ, ಅದರ ಹಿಂಬದಿಯ ಚೀಟಿ ಓದಿ.

ರೌಟರ್ ಎಲ್ಲಿಡಬೇಕು? ಒಳಕೋಣೆಗೆ ಸಿಗ್ನಲ್ಲೇ ಬರಲ್ಲ.

ಫೈಬರ್ ತಂದವರು ಬಾಗಿಲ ಪಕ್ಕದ ಮೊದಲ ಗೋಡೆಗೇ ಡಬ್ಬಿ ಹೊಡೆದು ಹೋಗಿರುತ್ತಾರೆ. ಅವರಿಗೆ ಅದು ಅನುಕೂಲ, ಮನೆಗಲ್ಲ. ಹತ್ತಿಪ್ಪತ್ತು ಅಡಿ ಹೆಚ್ಚುವರಿ ಫೈಬರ್ ಕೇಳಿ ಪಡೆದು ಮನೆಯ ನಡುವೆ, ಎತ್ತರದಲ್ಲಿ ಇಡಿಸಿ. ಟಿವಿಯ ಹಿಂದೆ, ಕಬ್ಬಿಣದ ಬೀರುವಿನ ಮೇಲೆ, ಶೋಕೇಸಿನ ಒಳಗೆ ಬೇಡ.

ವೈಫೈ ಮುಖ್ಯವಾಗಿ ಎರಡು ರೇಡಿಯೊ ಪಟ್ಟಿಗಳಲ್ಲಿ (ಬ್ಯಾಂಡ್) ನಡೆಯುತ್ತದೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಆದರೆ ನಿಧಾನ, ಜನಜಂಗುಳಿ ಬೇರೆ. ಮೈಕ್ರೋವೇವ್ ಒಲೆಯೂ ಅದೇ ಪಟ್ಟಿಯಲ್ಲಿ ಗದ್ದಲ ಮಾಡುತ್ತದೆ. 5 ಗಿಗಾಹರ್ಟ್ಸ್ ಚುರುಕು, ಗೋಡೆ ಕಂಡರೆ ಸೋಲುತ್ತದೆ. ಅದರಲ್ಲೂ ನಮ್ಮ ಕಡೆಯ ಚಿರೆಕಲ್ಲಿನ ದಪ್ಪ ಗೋಡೆ ಎರಡು ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಹೆಸರಿಗೆ ಮಾತ್ರ ಉಳಿದಿರುತ್ತದೆ. ಮಳೆಗಾಲದಲ್ಲಿ ನೀರು ಕುಡಿದ ಗೋಡೆಯಂತೂ ಇನ್ನೂ ಬಿಗಿ. ಹಂಚಿನ ಮನೆಯಾದರೆ ಒಂದು ಅನುಕೂಲವಿದೆ: ಮರದ ಅಟ್ಟದ ಮೂಲಕ ಸಿಗ್ನಲ್ ಚೆನ್ನಾಗಿ ಹಾಯುತ್ತದೆ, ರೌಟರನ್ನು ಅಟ್ಟದ ಮೆಟ್ಟಿಲ ಬಳಿ ಇಟ್ಟರೆ ಕೆಳಗೂ ಮೇಲೂ ಸಿಗುತ್ತದೆ. ಅಟ್ಟದಲ್ಲಿ ಇಲಿ ಇದ್ದರೆ ತಂತಿಯನ್ನು ಪೈಪಿನೊಳಗೆ ಹಾಕಿ.

ಸಿಗ್ನಲ್ ಹೆಚ್ಚಿಸಲು ರಿಪೀಟರ್ ತರಲಾ?

ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ. ಅಗ್ಗದ ರಿಪೀಟರ್ ಕೇಳಿದ್ದನ್ನೇ ಅದೇ ಚಾನೆಲ್ಲಿನಲ್ಲಿ ಮತ್ತೆ ಹೇಳುತ್ತದೆ, ಹಾಗಾಗಿ ವೇಗ ಅರ್ಧಕ್ಕೆ ಇಳಿಯುತ್ತದೆ. ಮೊಬೈಲಿನಲ್ಲಿ ಕಡ್ಡಿ ಪೂರ್ತಿ ಕಾಣುವುದರಿಂದ ಕೊಂಡವರಿಗೆ ಸಮಾಧಾನ, ಅಷ್ಟೇ. ಹಲವು ವೈಫೈ ಡಬ್ಬಿಗಳು ಸೇರಿ ಒಂದೇ ನೆಟ್‌ವರ್ಕಾಗಿ ನಡೆಯುವ ಮೆಶ್ ವ್ಯವಸ್ಥೆ ಅದಕ್ಕಿಂತ ಉತ್ತಮ. ಅದರ ಡಬ್ಬಿಗಳ ನಡುವೆ ತಂತಿ ಹಾಕಿದರೆ ಇನ್ನೂ ಉತ್ತಮ.

ಎಲ್ಲಕ್ಕಿಂತ ಅಗ್ಗದ ದಾರಿ, ಕಪಾಟಿನಲ್ಲಿ ಬಿದ್ದಿರುವ ಹಳೇ ರೌಟರ್. ಒಂದು ಲ್ಯಾಪ್‌ಟಾಪನ್ನು ಅದಕ್ಕೆ ಜೋಡಿಸಿ, ಅದರ ವಿಳಾಸವನ್ನು ಮುಖ್ಯ ರೌಟರಿಗಿಂತ ಬೇರೆ ಮಾಡಿ, ಮುಖ್ಯದ್ದು 192.168.1.1 ಆಗಿದ್ದರೆ ಇದಕ್ಕೆ 192.168.1.2. ಅದರ ಡಿಎಚ್‌ಸಿಪಿ ಆಫ್ ಮಾಡಿ. ವೈಫೈ ಹೆಸರು, ಪಾಸ್‌ವರ್ಡ್ ಮುಖ್ಯ ರೌಟರಿನದೇ ಇಡಿ, ಚಾನೆಲ್ ಬೇರೆ, 2.4ರಲ್ಲಿ 1, 6, 11 ಇವು ಒಂದರ ಮೇಲೊಂದು ಬೀಳುವುದಿಲ್ಲ. ಕೊನೆಗೆ ಮುಖ್ಯ ರೌಟರಿನಿಂದ ಬಂದ ತಂತಿಯನ್ನು ಇದರ ಲ್ಯಾನ್ (ಮನೆಯೊಳಗಿನ ಸಾಧನಗಳ) ಪೋರ್ಟಿಗೆ ಸಿಕ್ಕಿಸಿ, ಬೇರೆ ಬಣ್ಣದ ವ್ಯಾನ್ (ಹೊರಗಿನ ನೆಟ್ ಬರುವ) ಪೋರ್ಟಿಗೆ ಬೇಡ. ವ್ಯಾನ್‌ಗೆ ಹಾಕಿದರೆ ನ್ಯಾಟ್ ಒಳಗೊಂದು ನ್ಯಾಟ್ ಆಗುತ್ತದೆ: ನೆಟ್ ಬರುತ್ತದೆ, ಆದರೆ ಮುಖ್ಯ ರೌಟರಿನ ಕಡೆ ಕೂತವರು ಹಳೇ ರೌಟರಿನ ಕಡೆಯ ಪ್ರಿಂಟರಿಗೆ ಬಡಿದುಕೊಂಡರೂ ತಲುಪುವುದಿಲ್ಲ. ಡಿಎಚ್‌ಸಿಪಿ ಆಫ್ ಮಾಡದೆ ಬಿಟ್ಟರೆ ಇನ್ನೂ ಕೆಟ್ಟದು. ಎರಡು ಡಬ್ಬಿಗಳೂ ವಿಳಾಸ ಹಂಚುತ್ತವೆ, ಇವತ್ತು ಸರಿ ಇದ್ದ ಕಂಪ್ಯೂಟರ್ ನಾಳೆ ನಿಲ್ಲುತ್ತದೆ, ಕಾರಣ ಹುಡುಕುವಷ್ಟರಲ್ಲಿ ಸಾಕಾಗುತ್ತದೆ.

ತೋಟದಾಚೆಯ ತಮ್ಮನ ಮನೆಗೂ ಇದೇ ನೆಟ್ ಕೊಡಬಹುದಾ?

ತಾಂತ್ರಿಕವಾಗಿ ಆಗುತ್ತದೆ. ಕನೆಕ್ಷನ್ ಕರಾರಿನಲ್ಲಿ ಒಂದೇ ಮನೆಗೆ ಎಂದಿದೆಯೇ ಎಂದು ಮೊದಲು ಓದಿ. ದುಡ್ಡು ತೆಗೆದುಕೊಂಡು ಅಕ್ಕಪಕ್ಕಕ್ಕೆ ಹಂಚುವುದಂತೂ ಪರವಾನಗಿ ಬೇಕಾದ ವ್ಯವಹಾರ, ಆ ಗೊಡವೆ ಬೇಡ.

ಎರಡು ಮನೆಗಳ ನಡುವೆ ಬಯಲಿನಲ್ಲಿ ತಾಮ್ರದ ಲ್ಯಾನ್ ಕೇಬಲ್ ಮಾತ್ರ ಎಳೆಯಬೇಡಿ. ಮಳೆ ಹಿಡಿಯುವ ಮುಂಚಿನ ಏಪ್ರಿಲ್, ಮೇ ಗುಡುಗಿನಲ್ಲಿ ಸಿಡಿಲು ನೇರ ಬಡಿಯಬೇಕೆಂದೇನಿಲ್ಲ, ಹತ್ತಿರದ ತೆಂಗಿನ ಮರಕ್ಕೆ ಬಡಿದರೂ ಆ ತಂತಿಯಲ್ಲಿ ವೋಲ್ಟೇಜ್ ನುಗ್ಗಿ ಎರಡೂ ಮನೆಗಳ ಪೋರ್ಟ್‌ಗಳನ್ನು ಸುಡುತ್ತದೆ. ಫೈಬರ್ ಎಳೆಯಿರಿ. ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ ಎಂಬ ಪುಟ್ಟ ಡಬ್ಬಿ ಇಡಬೇಕು, ಕೇಬಲ್ ಟಿವಿಯವರ ಬಳಿಯೇ ಸಿಗುತ್ತದೆ. ಫೈಬರಿನ ಗಾಜಿಗೆ ವಿದ್ಯುತ್ ಹತ್ತುವುದಿಲ್ಲ, ಆದರೆ ಅದನ್ನು ಹೊತ್ತ ಕೇಬಲ್ಲಿನಲ್ಲಿ ಉಕ್ಕಿನ ಸಪೋರ್ಟ್ ತಂತಿ ಇರುತ್ತದೆ. ಆ ಉಕ್ಕನ್ನು ಗೋಡೆಯ ಹೊರಗೇ ಕತ್ತರಿಸಿ ಬಿಗಿಯಬೇಕು, ಮನೆಯೊಳಗೆ ತರಬಾರದು. ಲೋಹವಿಲ್ಲದ ಕೇಬಲ್ ಸಿಕ್ಕರೆ ಅದೇ ಒಳ್ಳೆಯದು.

ಎದುರುಬದುರು ಆಂಟೆನಾ ಇಟ್ಟು 5 ಗಿಗಾಹರ್ಟ್ಸ್‌ನಲ್ಲಿ ಸೇತುವೆ ಕಟ್ಟುವುದೂ ಒಂದು ದಾರಿ. ನಡುವೆ ಗದ್ದೆ ಇದ್ದರೆ ಸೊಗಸಾಗಿ ನಡೆಯುತ್ತದೆ. ಅಡಿಕೆ ತೋಟ ಇದ್ದರೆ ಬೇಸಿಗೆಯಲ್ಲಿ ಹಾಕಿದ್ದು ಜುಲೈನಲ್ಲಿ, ಸೋಗೆ ಒದ್ದೆಯಾದಾಗ, ಕೈಕೊಡುತ್ತದೆ.

ಫೈಬರ್ ಬಂದೇ ಇಲ್ಲ, ಮೊಬೈಲ್ ಒಂದೇ ಗತಿ. ಹಂಚಿಕೊಳ್ಳೋದು ಹೇಗೆ?

ಮೊಬೈಲಿನ ಹಾಟ್‌ಸ್ಪಾಟ್ ಎಲ್ಲರಿಗೂ ಗೊತ್ತು. ಒಂದೇ ಕಂಪ್ಯೂಟರಾದರೆ ಯುಎಸ್‌ಬಿ ಟೆದರಿಂಗ್ (ಮೊಬೈಲಿನ ನೆಟ್ಟನ್ನು ಯುಎಸ್‌ಬಿ ತಂತಿಯಲ್ಲಿ ಕೊಡುವುದು) ಮಾಡಿ, ಸ್ಥಿರವಾಗಿಯೂ ಇರುತ್ತದೆ, ಚಾರ್ಜೂ ಆಗುತ್ತದೆ. ಆ ಕಂಪ್ಯೂಟರಿನಿಂದಲೇ ಉಳಿದವಕ್ಕೆ ಹಂಚಲು ವಿಂಡೋಸ್ 10, 11ರಲ್ಲಿ ‘ಮೊಬೈಲ್ ಹಾಟ್‌ಸ್ಪಾಟ್’ ಸೆಟ್ಟಿಂಗ್ ಇದೆ, ಎಂಟು ಸಾಧನಗಳವರೆಗೆ ಸೇರಿಸಿಕೊಳ್ಳುತ್ತದೆ. ಈ ಬಗೆಯ ಹಂಚಿಕೆ ವಿಂಡೋಸ್‌ಗೆ ಹೊಸದಲ್ಲ, 1999ರ ವಿಂಡೋಸ್ 98 ಎರಡನೇ ಆವೃತ್ತಿಯಲ್ಲೇ ಬಂದಿತ್ತು. ಆಗ ಫೋನ್ ಲೈನಿನ ಡಯಲಪ್ ಅನ್ನು ಹೀಗೆ ಹಂಚುತ್ತಿದ್ದರು. ತೊಡಕು ಆಗಿನದೇ: ಹಂಚುವ ಕಂಪ್ಯೂಟರ್ ಆರಿದರೆ ಎಲ್ಲರ ನೆಟ್ಟೂ ಆರಿತು.

ದಿನವೂ ಬೇಕಾದರೆ ಸಿಮ್ ಹಾಕುವ 4ಜಿ ಅಥವಾ 5ಜಿ ರೌಟರ್ ತನ್ನಿ. ಸಿಗ್ನಲ್ ಸಿಗುವ ಕಿಟಕಿಯಲ್ಲಿಟ್ಟು ಅಲ್ಲಿಂದ ಲ್ಯಾನ್ ಕೇಬಲ್ ಒಳಗೆ ಎಳೆಯಿರಿ. ಊರಲ್ಲಿ ಸಿಗ್ನಲ್ಲಿಗಾಗಿ ಗುಡ್ಡದ ತುದಿಗೆ ಹೋಗಿ ಕೂರುತ್ತಿದ್ದವರಿಗೆ ಈ ಕಿಟಕಿ ಹುಡುಕುವುದು ಹೇಳಿಕೊಡಬೇಕಿಲ್ಲ.

ಪಾಸ್‌ವರ್ಡ್ ಇಲ್ಲದೆ ಬಿಟ್ಟರೆ ಏನಾಗುತ್ತೆ? ಕದಿಯುವಂಥದ್ದು ಏನಿದೆ ನಮ್ಮಲ್ಲಿ?

2008ರ ಅಹಮದಾಬಾದ್ ಸ್ಫೋಟಗಳಿಗೆ ಸ್ವಲ್ಪ ಮುಂಚೆ ಬಂದ ಬೆದರಿಕೆ ಇಮೇಲಿನ ಜಾಡು ಹಿಡಿದ ಪೊಲೀಸರು ಮುಟ್ಟಿದ್ದು ನವಿ ಮುಂಬೈಯ ಒಂದು ಮನೆಗೆ. ಆ ಮನೆಯ ಭದ್ರತೆಯಿಲ್ಲದ ವೈಫೈಯನ್ನು ಬೇರೆಯವರು ಬಳಸಿದ್ದರು. ಹೊರಗಿನಿಂದ ನೋಡುವವರಿಗೆ ಕಾಣುವುದು ನಿಮ್ಮ ಹೆಸರಿನ ಕನೆಕ್ಷನ್, ಬಳಸಿದವರ ಮುಖವಲ್ಲ. ಹಾಗಾಗಿ ರೌಟರಿನ ವೈಫೈ ಭದ್ರತೆಯಲ್ಲಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆಯ್ಕೆ ಮಾಡಿ, ಉದ್ದದ ಪಾಸ್‌ವರ್ಡ್ ಇಡಿ. ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡುವ ಚಾಳಿ ಬಿಡಿ, ಊರಿಗೆಲ್ಲ ಗೊತ್ತಿರುವ ಸಂಖ್ಯೆ ಅದು. ಗುಂಡಿ ಒತ್ತಿ ಜೋಡಿಸುವ ಡಬ್ಲ್ಯುಪಿಎಸ್ ಆಫ್ ಮಾಡಿ. ರೌಟರಿನ ಒಳಪುಟದ ‘ಅಡ್ಮಿನ್’ ಪಾಸ್‌ವರ್ಡನ್ನೂ ಬದಲಿಸಿ, ಜನ ಮರೆಯುವುದು ಇದನ್ನೇ. ನೆಂಟರಿಗೆ ಗೆಸ್ಟ್ ನೆಟ್‌ವರ್ಕ್ ಕೊಡಿ. ಅದರಲ್ಲಿ ಇಂಟರ್ನೆಟ್ ಸಿಗುತ್ತದೆ, ನಿಮ್ಮ ಕಂಪ್ಯೂಟರುಗಳು ಕಾಣುವುದಿಲ್ಲ.

ನೆಟ್ ಎಲ್ಲರಿಗೂ ಬರುತ್ತೆ, ಪ್ರಿಂಟರ್ ಮಾತ್ರ ಕಾಣಲ್ಲ.

ಮೇಲಿನ ಉತ್ತರದಲ್ಲೇ ಕಾರಣ ಇರಬಹುದು: ಪ್ರಿಂಟರ್ ಅಥವಾ ಲ್ಯಾಪ್‌ಟಾಪ್ ಗೆಸ್ಟ್ ನೆಟ್‌ವರ್ಕಿನಲ್ಲಿ ಸೇರಿಕೊಂಡಿದೆ. ಇಲ್ಲದಿದ್ದರೆ ವಿಂಡೋಸ್ ನಿಮ್ಮ ಮನೆಯ ನೆಟ್‌ವರ್ಕನ್ನು ‘ಪಬ್ಲಿಕ್’ ಎಂದುಕೊಂಡಿದೆ, ‘ಪ್ರೈವೇಟ್’ ಮಾಡಿ. ಪ್ರಿಂಟರಿಗೆ ರೌಟರಿನಲ್ಲಿ ಒಂದು ವಿಳಾಸ ಕಾಯ್ದಿರಿಸಿದರೆ ಕರೆಂಟ್ ಹೋಗಿ ಬಂದಾಗಲೆಲ್ಲ ಹುಡುಕುವುದು ತಪ್ಪುತ್ತದೆ.

ಹೊರಗಡೆಯಿಂದ ಮನೆಯ ಸಿಸಿಟಿವಿ ನೋಡಲು ಪೋರ್ಟ್ ಫಾರ್ವರ್ಡ್ ಮಾಡಿದೆ, ಆಗಲಿಲ್ಲ.

ಹೊರಗಿನಿಂದ ಬಂದ ವಿನಂತಿಯನ್ನು ಒಳಗಿನ ಒಂದು ಸಾಧನಕ್ಕೆ ಕಳಿಸು ಎಂದು ರೌಟರಿಗೆ ಹೇಳಿಡುವುದೇ ಪೋರ್ಟ್ ಫಾರ್ವರ್ಡ್. ಮೊದಲು ರೌಟರಿನ ವ್ಯಾನ್ ವಿಳಾಸ, ಅಂದರೆ ಹೊರಬದಿಯ ಐಪಿ ವಿಳಾಸ, ನೋಡಿ. ಅದು 100.64ರಿಂದ 100.127ರವರೆಗಿನದ್ದೋ, 10ರಿಂದ ಶುರುವಾಗುವುದೋ ಆಗಿದ್ದರೆ ಕಂಪನಿಯವರೇ ನಿಮ್ಮ ಮೇಲೆ ಇನ್ನೊಂದು ನ್ಯಾಟ್ ಹಾಕಿದ್ದಾರೆ, ಒಂದೇ ಹೊರವಿಳಾಸವನ್ನು ಅನೇಕ ಮನೆಗಳು ಹಂಚಿಕೊಳ್ಳುತ್ತಿವೆ. ಆಗ ಪೋರ್ಟ್ ತೆರೆದು ಪ್ರಯೋಜನವಿಲ್ಲ. ಕ್ಯಾಮೆರಾ ಕಂಪನಿಯ ಆ್ಯಪ್ ಬಳಸಿ, ಇಲ್ಲವೇ ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ (ನಿಮಗೇ ಮೀಸಲಾದ, ಬದಲಾಗದ ಹೊರವಿಳಾಸ) ಕೇಳಿ.

ಕರೆಂಟ್ ಹೋದರೆ ನೆಟ್ ಉಳಿಸಿಕೊಳ್ಳೋಕಾಗುತ್ತಾ?

ಆಗುತ್ತದೆ. ಹೆಚ್ಚಿನ ರೌಟರುಗಳು 12 ವೋಲ್ಟಿನಲ್ಲಿ ನಡೆಯುತ್ತವೆ, ಅದಕ್ಕೆಂದೇ ಪುಟ್ಟ ಡಿಸಿ ಯುಪಿಎಸ್ ಸಿಗುತ್ತದೆ. ಅಡಾಪ್ಟರಿನ ಮೇಲೆ ಬರೆದ ವೋಲ್ಟೇಜ್, ಆಂಪಿಯರ್ ಎರಡನ್ನೂ ನೋಡಿಯೇ ಕೊಳ್ಳಿ. ಸ್ವಿಚ್, ಎರಡನೇ ರೌಟರ್ ಇದ್ದರೆ ಅವಕ್ಕೂ ಬೇಕು, ಇಲ್ಲವಾದರೆ ಮುಖ್ಯ ಡಬ್ಬಿ ಉರಿಯುತ್ತಿದ್ದರೂ ಒಳಕೋಣೆಯಲ್ಲಿ ನೆಟ್ ಇರುವುದಿಲ್ಲ.

ನೆಟ್ ನಿಂತೇಹೋಯಿತು. ಕಂಪನಿಗೆ ಫೋನ್ ಮಾಡುವ ಮೊದಲು ಏನು ನೋಡಲಿ?

ಓಎನ್‌ಟಿಯಲ್ಲಿ ಎಲ್‌ಓಎಸ್ (LOS) ದೀಪ ಕೆಂಪಗಿದ್ದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ, ಎಲ್ಲೋ ಮರ ಬಿದ್ದಿದೆ. ಫೋನ್ ಮಾಡಿ. ಅವರು ‘ರೀಸ್ಟಾರ್ಟ್ ಮಾಡಿ’ ಎಂದರೆ ‘ಎಲ್‌ಓಎಸ್ ಕೆಂಪು’ ಎಂದಷ್ಟೇ ಹೇಳಿ, ಮಾತು ಬೇಗ ಮುಗಿಯುತ್ತದೆ. ಅದು ಕೆಂಪಗಿಲ್ಲದೆ ಪಾನ್ (PON) ದೀಪ, ಅಂದರೆ ಫೈಬರ್ ಸಂಪರ್ಕದ ದೀಪ, ಹಸಿರಾಗಿ ನಿಂತಿದ್ದರೆ ತೊಂದರೆ ಲಾಗಿನ್‌ನಲ್ಲೋ ಮನೆಯೊಳಗೋ ಇದೆ. ಕಂಪ್ಯೂಟರಿನ ಐಪಿ ವಿಳಾಸ ನೋಡಿ. 169.254 ಎಂದು ಶುರುವಾದರೆ ಅದಕ್ಕೆ ರೌಟರಿನಿಂದ ವಿಳಾಸವೇ ಸಿಕ್ಕಿಲ್ಲ. ತಂತಿ, ಸ್ವಿಚ್, ಡಿಎಚ್‌ಸಿಪಿ ಈ ಕ್ರಮದಲ್ಲಿ ಹುಡುಕಿ. 192.168 ಇದ್ದು ಪುಟಗಳು ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ (ಜಾಲತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸೇವೆ) ಬದಲಿಸಿ ನೋಡಿ, 8.8.8.8 ಅಥವಾ 1.1.1.1. ಒಂದು ಕಂಪ್ಯೂಟರಿನಲ್ಲಿ ಮಾತ್ರ ಇಲ್ಲ, ಉಳಿದವಲ್ಲಿ ಇದೆ ಎಂದಾದರೆ ಕಂಪನಿಗೆ ಫೋನ್ ಮಾಡಲೇಬೇಡಿ.